ಹಗಲುಮನೆ ಕಟ್ಟಿದ ವರ್ಷ

ಮದ್ದೂರಿನಲ್ಲಿ ನಾನು ಈಗ ಪಾಠ ಹೇಳುವ ಶಾಲೆಯ ಹಿಂದೆ ಒಂದು ಸಣ್ಣ ನಾಲೆ ಇದೆ. ವರ್ಷದಲ್ಲಿ ಐದಾರು ತಿಂಗಳು ಅದು ಒಣಗಿಯೇ ಬಿದ್ದಿರುತ್ತದೆ. ಮಳೆಗಾಲ ಹಿಡಿದು ಕನ್ನಂಬಾಡಿ ಕಟ್ಟೆ ತುಂಬುತ್ತ ಬಂದಾಗ ಒಂದು ದಿನ ನೀರು ಬಿಡುತ್ತಾರೆ. ಬಿರುಕು ಬಿಟ್ಟ ಹೂಳಿನ ಮೇಲೆ ಮೊದಲ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು. ಕೊಳೆತದ್ದೂ ಹೊಸದೂ ಬೆರೆತು ಗಂಟಲಿಗೆ ಹತ್ತುವ ವಾಸನೆ. ನಮ್ಮ ಕಡೆಯವರಿಗೆ ಅದು ಹಬ್ಬದ ವಾಸನೆ. ಅಡುಗೆಯ ಸಾವಿತ್ರಮ್ಮ ಒಲೆ ಬಿಟ್ಟು ಓಡಿಹೋಗಿ ನಾಲೆಯ ಏರಿಯ ಮೇಲೆ ನಿಲ್ಲುತ್ತಾಳೆ. ನಾನು ತರಗತಿಯ ಹಿಂದಿನ ಕಿಟಕಿ ಮುಚ್ಚುತ್ತೇನೆ. ಮಕ್ಕಳು ಸೆಕೆ ಎನ್ನುತ್ತಾರೆ. ಆದರೂ ಮುಚ್ಚುತ್ತೇನೆ.

ಆ ವರ್ಷ ನನಗೆ ಮೂವತ್ತೊಂದು. ಮೈಸೂರಿನಲ್ಲಿ ವಿಶೇಷ ಶಿಕ್ಷಣದ ತರಬೇತಿ ಮುಗಿಸಿ, ಮಂಡ್ಯದ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ಸೇರಿದ್ದೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗಾಗಿ ಒಂದು ಜಾಲ ಕಟ್ಟುವುದು ನಮ್ಮ ಕೆಲಸ. ಜಾಲ ಎಂದರೆ ದೊಡ್ಡದೇನಲ್ಲ. ಅಂಥ ಮಗನೋ ಮಗಳೋ ಇರುವ ಬಡ ತಾಯಂದಿರು ಕೂಲಿಗೆ ಹೋಗುವಾಗ ಮಕ್ಕಳನ್ನು ಮನೆಯೊಳಗೆ ಹಾಕಿ ಬೀಗ ಜಡಿಯುತ್ತಿದ್ದರು. ಅದರ ಬದಲು ಅದೇ ಊರಿನ, ಪಕ್ಕದ ಊರಿನ ಇನ್ನೊಂದು ಮನೆಯವರು ಬೆಳಿಗ್ಗೆಯಿಂದ ಸಂಜೆಯ ತನಕ ಅವರನ್ನು ಇಟ್ಟುಕೊಳ್ಳಬೇಕು. ಆ ಮನೆಯ ಹೆಂಗಸಿಗೆ ನಾವು ಹತ್ತು ದಿನ ತರಬೇತಿ ಕೊಡುತ್ತೇವೆ, ತಿಂಗಳಿಗಿಷ್ಟು ಗೌರವಧನ ಕೊಡುತ್ತೇವೆ, ಒಬ್ಬರು ಡಾಕ್ಟರು ಆಗಾಗ ಬಂದು ನೋಡುತ್ತಾರೆ. ಕಾಗದದ ಮೇಲೆ ಇದಕ್ಕೆ ಉದ್ದನೆಯ ಹೆಸರಿತ್ತು. ಹೆಂಗಸರು ಅದನ್ನು ಹಗಲುಮನೆ ಎಂದು ಕರೆದರು. ನಾವೂ ಹಾಗೇ ಕರೆದೆವು.

ಸಂಕ್ರಾಂತಿ ಕಳೆದ ವಾರ ನಾನು ಚಿಕ್ಕತಾಯಮ್ಮನ ಮನೆಗೆ ಹೋದೆ. ಕಿರುಗಾವಲಿಗೆ ಒಂದೂವರೆ ಮೈಲಿ ದೂರದ ಸಣ್ಣ ಊರು. ಆಶಾ ಕಾರ್ಯಕರ್ತೆ ದಾರಿ ತೋರಿಸಿ, "ನೀವು ಒಳಗೋಗಿ ಮೇಡಂ, ನಾ ಬರಲ್ಲ, ನಂಗ್ ನೋಡಕ್ಕಾಗಲ್ಲ" ಎಂದು ಬೀದಿಯಲ್ಲೇ ನಿಂತಳು.

ಹಜಾರದ ಕಂಬಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿಹಾಕಿದ್ದರು. ಮೂವತ್ತು ದಾಟಿದವನು, ಗಡ್ಡ ಬೆಳೆದಿತ್ತು. ಎತ್ತು ಕಟ್ಟುವ ಹಗ್ಗ ಸೊಂಟಕ್ಕೆ ಸುತ್ತಿತ್ತು. ಹಗ್ಗ ತಾಗುವ ಕಡೆ ಹಳೆಯ ಸೀರೆಯ ತುಂಡನ್ನು ಮಡಿಸಿ ಒಳಗೆ ಕೊಟ್ಟಿದ್ದರು. ಅವನು ನನ್ನನ್ನು ನೋಡಿ ನಕ್ಕ. ಅವನ ಹೆಸರು ಸಿದ್ದರಾಜು. ತಾಯಿ ಸಿದ್ದ ಎನ್ನುತ್ತಿದ್ದಳು.

ಚಿಕ್ಕತಾಯಮ್ಮನಿಗೆ ಅರವತ್ತರ ಹತ್ತಿರ. ಗಂಡ ಸತ್ತು ಬಹಳ ವರ್ಷವಾಗಿತ್ತು. ಅವಳು ಕಳೆ ಕೀಳಲು, ನಾಟಿಗೆ, ಕಬ್ಬಿನ ಗದ್ದೆಗೆ ಹೋಗುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಮನುಷ್ಯರನ್ನು ಹೀಗೆ ಕಟ್ಟಿಹಾಕುವುದು ತಪ್ಪು, ಕಾನೂನಿಗೂ ವಿರುದ್ಧ ಎಂದೆ. ಆಗ ನನಗೆ ಇಂಥ ಮಾತು ಸಲೀಸಾಗಿ ಬರುತ್ತಿತ್ತು.

"ಕಾನೂನು ಬಂದು ಸಂಜೆಗಂಟ ಇವನ್ನ ಕಾಯ್ತದಾ ಸೈಲವ್ವ?" ಎಂದಳು. ನನ್ನ ಹೆಸರು ಶೈಲ. ಅವಳ ಬಾಯಲ್ಲಿ ಕೊನೆಯವರೆಗೂ ನಾನು ಸೈಲವ್ವನೇ.

ಅವಳು ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಆ ಸದ್ದಿಗೆ ಸಿದ್ದನ ಕುತ್ತಿಗೆ ಥಟ್ಟನೆ ತಿರುಗಿತು. ಬಾಯಿ ತೆರೆದು, ಎರಡೂ ಕೈ ಮುಂದೆ ಚಾಚಿ ಹಗ್ಗ ಬಿಗಿಯುವಷ್ಟು ಬಾಗಿದ.

"ನೋಡ್ದಾ? ನೀರು ಅಂದ್ರೆ ಇವ್ನಿಗೆ ಪ್ರಾಣ ಕಣವ್ವ. ಸದ್ದು ಕೇಳುದ್ರೆ ಸಾಕು, ಒಂಟೋಯ್ತಾನೆ. ಎದ್ರಿಕೆ ಅನ್ನೋದು ಒಸಿನೂ ಇಲ್ಲ. ಎಲ್ಡು ಸಲ ನಾಲೆಯಿಂದ ಎತ್ಕ ಬಂದವ್ರೆ. ಅದ್ಕೇ ಅಗ್ಗ ಆಕಿರೋದು. ನನ್ನೊಟ್ಟೇಲಿ ಉಟ್ಟಿದ್ದನ್ನ ಕಟ್ಟಾಕಕ್ಕೆ ನಂಗೇನು ಆಸೆಯಾ?"

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೀರಿನ ಸದ್ದಿಗೆ ಹೋಗುತ್ತಾನೆ. ಹೆದರಿಕೆ ಇಲ್ಲ. ಎರಡು ಸಲ ನಾಲೆಯಿಂದ ಎತ್ತಿದ್ದಾರೆ. ಅವಳು ನನ್ನ ಪೆನ್ನು ಓಡುವುದನ್ನೇ ನೋಡುತ್ತ ಕುಳಿತಿದ್ದಳು. ಬರೆದು ಮುಗಿದ ಮೇಲೆ, "ಬರ್ಕೊಂಡ್ಯಾ?" ಎಂದಳು.

"ಬರ್ಕೊಂಡೆ ಅವ್ವ."

"ಸರಿ ಬುಡು."

ಸಿದ್ದನಿಗೆ ಮನೆ ಹುಡುಕುವುದು ಸುಲಭವಾಗಲಿಲ್ಲ. ಸಣ್ಣ ಮಕ್ಕಳನ್ನಾದರೆ ಯಾರಾದರೂ ಇಟ್ಟುಕೊಳ್ಳುತ್ತಿದ್ದರು. ದುದ್ದದಲ್ಲಿ ಮಕ್ಕಳಿಲ್ಲದ ದಂಪತಿ ಇಬ್ಬರು ಹುಡುಗಿಯರನ್ನು ಇಟ್ಟುಕೊಂಡಿದ್ದರು. ಮಂಡ್ಯದ ಹತ್ತಿರದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೂಲಿ ಮಾಡುವವನ ಹೆಂಡತಿಯೊಬ್ಬಳು ತನ್ನ ಮಗುವಿನ ಜೊತೆಗೇ ಇನ್ನೊಂದನ್ನು ನೋಡಿಕೊಳ್ಳುತ್ತಿದ್ದಳು. ಆದರೆ ಬೆಳೆದ ಗಂಡಸನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂಬತ್ತು ಮನೆ ತಿರುಗಿದೆ. ಒಬ್ಬಾಕೆ, "ಮನೇಲಿ ಎಣ್ಮಕ್ಳವ್ರೆ ಕಣಮ್ಮ, ಏನ್ ಮಾತು ಅಂತ ಆಡ್ತೀಯಾ" ಎಂದು ನನ್ನ ಮುಂದೆಯೇ ಬಾಗಿಲು ಹಾಕಿದಳು. ಸಿದ್ದನ ಸ್ವಂತ ಚಿಕ್ಕಪ್ಪ ಪುಟ್ಟೇಗೌಡನ ಮನೆ ಅವರ ಮನೆಯ ಎದುರಿಗೇ ಇತ್ತು. ಆತ ಹಲ್ಲುಕಡ್ಡಿ ಕಚ್ಚಿಕೊಂಡು, "ಅದಕ್ಕೆಲ್ಲ ಆಸ್ಪತ್ರೆ ಗೀಸ್ಪತ್ರೆ ಇರ್ತವಲ್ಲ, ಅಲ್ಲಿಗ್ ಸಾಗಾಕಿ" ಎಂದ.

ನಸೀಮಾ ಸಿಕ್ಕಿದ್ದು ಫೆಬ್ರವರಿಯಲ್ಲಿ. ಅವಳ ಗಂಡ ಕಿರುಗಾವಲಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಾಗಿ ಮನೆ ಖಾಲಿ. ನಾನು ಎರಡು ಸಲ ಹೋದಾಗಲೂ ಆಗಲ್ಲ ಎಂದಿದ್ದಳು. ಮೂರನೆಯ ಸಲ ಅವಳೇ ಒಂದು ಸ್ಟೂಲು ಎಳೆದು ಕೂರಿಸಿ, ಮಿಷನ್ನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು.

"ಎರಡೇ ಮಾತು ಕೇಳ್ತೀನಿ ಮೇಡಂ, ನಿಜ ಹೇಳ್ಬೇಕು. ಹೊಡಿತಾನಾ?"

"ಇಲ್ಲ. ಇದುವರೆಗೂ ಯಾರ ಮೇಲೂ ಕೈ ಎತ್ತಿಲ್ಲ." ಇದು ನಿಜ.

"ಓಡಿ ಹೋಗ್ತಾನಾ? ನಂಗೆ ಮಂಡಿ ನೋವು. ಹಿಂದೆ ಓಡಕ್ಕೆ ನನ್ ಕೈಲಿ ಆಗಲ್ಲ."

ನನ್ನ ಚೀಲದಲ್ಲಿ ನೋಟ್‌ಬುಕ್ ಇತ್ತು. ಅವಳ ಬೀದಿಯ ಹಿಂದೆ, ನಡೆದರೆ ಹತ್ತು ನಿಮಿಷವೂ ಆಗದ ದೂರದಲ್ಲಿ ನಾಲೆ ಇತ್ತು. ಆದರೆ ಹಿಂದಿನ ಮಳೆಗಾಲ ಕೈಕೊಟ್ಟಿತ್ತು, ಬೇಸಿಗೆ ಬೆಳೆಗೆ ನೀರಿಲ್ಲ ಎಂದಿದ್ದರು. ನಾಲೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈಗ ನೀರಿನ ಮಾತೆತ್ತಿದರೆ ಇವಳೂ ಇಲ್ಲ ಎನ್ನುತ್ತಾಳೆ, ಅವನು ಮತ್ತೆ ಕಂಬಕ್ಕೇ ಹೋಗುತ್ತಾನೆ. ಒಂದು ತಿಂಗಳು ಹೊಂದಿಕೊಳ್ಳಲಿ, ಆಮೇಲೆ ನಾನೇ ನಿಧಾನವಾಗಿ ಹೇಳಿದರಾಯಿತು. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕಾಯಿತು? ಒಂದು ಉಸಿರು.

"ಓಡಲ್ಲ. ಕೆಲಸ ಕೊಟ್ಟರೆ ಕೂತಿರ್ತಾನೆ" ಎಂದೆ.

ಹಗಲುಮನೆಗೆ ಕೊಡುವ ಫಾರಂ ತುಂಬಿದೆ. ಅದರಲ್ಲಿ 'ಎಚ್ಚರ ವಹಿಸಬೇಕಾದ ವಿಷಯಗಳು' ಎಂದು ಒಂದು ಜಾಗವಿತ್ತು. ಅಲ್ಲಿ 'ಏನೂ ಇಲ್ಲ' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿ, ಒಂದು ಪ್ರತಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಓದಿ, ಮಡಚಿ, ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

ಆಮೇಲಿನ ಐದು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಹಾಗೇ ಇದ್ದವು. ಚಿಕ್ಕತಾಯಮ್ಮ ಬೆಳಿಗ್ಗೆ ಅವನ ಕೈ ಹಿಡಿದು ನಡೆಸಿಕೊಂಡು ಬಂದು ಬಿಟ್ಟು, ಅಲ್ಲಿಂದಲೇ ಕೂಲಿಗೆ ಹೋಗುತ್ತಿದ್ದಳು. ಮೊದಲ ವಾರ ಸಿದ್ದ ಮೂಲೆಯಲ್ಲಿ ಕುಳಿತು ಅತ್ತ. ಎರಡನೆಯ ವಾರ ನಸೀಮಾ ಕತ್ತರಿಸಿದ ಬಟ್ಟೆಯ ಚೂರುಗಳನ್ನು ಅವನ ಮುಂದೆ ಸುರಿದಳು. ಅವನು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಜೋಡಿಸತೊಡಗಿದ. ಯಾರೂ ಕಲಿಸಿರಲಿಲ್ಲ. ಮೂವತ್ತು ವರ್ಷ ಅವನಿಗೆ ಬಣ್ಣ ಗೊತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ನಸೀಮಾ ಎನ್ನಲು ಬಾಯಿ ತಿರುಗದೆ ಅವಳನ್ನು 'ಚೀಮಾ' ಎನ್ನುತ್ತಿದ್ದ. ಅವಳು ಗುಂಡಿ ಹೊಲಿಯುವಾಗ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ.

ಮಗನ ಕಾವಲು ತಪ್ಪಿದ್ದರಿಂದ ಚಿಕ್ಕತಾಯಮ್ಮ ಮಳವಳ್ಳಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡಳು. ವರ್ಷಗಳಿಂದ ಮುಂದೂಡಿದ್ದ ಕೆಲಸ. ಪಟ್ಟಿ ಬಿಚ್ಚಿದ ಮೇಲೆ ಒಂದು ಸಂಜೆ ನಸೀಮಾಳ ಜಗಲಿಯ ಮೇಲೆ ಕುಳಿತು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. "ಇವನ್ ಗಡ್ಡದಾಗೆ ಬಿಳಿಕೂದ್ಲು ಬಂದ್ಬುಟ್ಟವೆ ಕಣೆ ನಸೀಮಾ. ನಂಗ್ ಗೊತ್ತೇ ಇರ್ನಿಲ್ಲ" ಎಂದಳು. ನಸೀಮಾ ಅಂದೇ ಗಂಡನಿಗೆ ಹೇಳಿ ಸಿದ್ದನಿಗೆ ಕ್ಷೌರ ಮಾಡಿಸಿದಳು.

ಹೀಗೆ ನಮ್ಮ ಹಗಲುಮನೆಗಳು ಹನ್ನೊಂದಾದವು. ಸಿದ್ದನ ಕತೆಯನ್ನು ನಾನು ಎಲ್ಲೆಡೆ ಹೇಳುತ್ತಿದ್ದೆ. ಕಂಬಕ್ಕೆ ಕಟ್ಟಿದ್ದವನು ಈಗ ಬಣ್ಣ ಜೋಡಿಸುತ್ತಾನೆ ಎಂದು ಹೇಳಿದರೆ ಎಂಥವರ ಮನಸ್ಸೂ ಕರಗುತ್ತಿತ್ತು. ಹಾಗೆ ಹೇಳಿಯೇ ಎರಡು ಹೊಸ ಮನೆ ಸಿಕ್ಕಿದ್ದವು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಬಿತ್ತು. ನಸೀಮಾ ಫೋನ್ ಮಾಡಿದಳು.

"ಮೇಡಂ, ಇವ್ನು ಬಾಗ್ಲು ತಳ್ಕೊಂಡು ಹೋಗಿ ಮೋರಿ ನೀರಲ್ಲಿ ಕೂತ್ಬಿಟ್ಟಿದ್ದ. ಎಬ್ಸಿದ್ರೆ ಏಳಲ್ಲ. ನಮ್ಮೋರು ಬಂದು ಎಳ್ಕೊಂಡ್ ಬಂದ್ರು. ನೀರು ಕಂಡ್ರೆ ಹೀಗೇನಾ ಇವ್ನು? ನಿಮ್ಗೆ ಗೊತ್ತಿತ್ತಾ?"

ದೇವರು ಮತ್ತೊಂದು ಸಲ ಬಾಗಿಲು ತೆರೆದು ನಿಂತ ಹಾಗೆ ಆ ಪ್ರಶ್ನೆ ಬಂದಿತ್ತು. ಆದರೆ ಅಷ್ಟು ದಿನ ಹೇಳದೆ ಇದ್ದು ಈಗ ಹೇಳಿದರೆ ನನ್ನನ್ನು ಏನೆಂದುಕೊಳ್ಳುತ್ತಾಳೆ ಎನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

"ಬೇಸಿಗೆ ಮಳೆ ಅಲ್ವ, ಯಾರಿಗೆ ಖುಷಿಯಾಗಲ್ಲ ಹೇಳಿ" ಎಂದು ನಕ್ಕೆ. ಅವಳೂ ನಕ್ಕಳು. "ಅದೂ ಸರಿ ಬಿಡಿ" ಎಂದಳು.

ಜೂನ್ ಕಳೆಯಿತು. ಕೊಡಗಿನಲ್ಲಿ ಮಳೆ ಹಿಡಿಯಿತು. ನಮ್ಮ ಜಿಲ್ಲೆಯಲ್ಲಿ ಆ ದಿನಗಳಲ್ಲಿ ಬೇರೆ ಮಾತಿರುವುದಿಲ್ಲ. ಟೀ ಅಂಗಡಿ, ಬಸ್ಸು, ಆಸ್ಪತ್ರೆಯ ಸಾಲು, ಎಲ್ಲೆಲ್ಲೂ ಕಟ್ಟೆ ಎಷ್ಟಡಿ ಆಯಿತು ಎನ್ನುವುದೊಂದೇ. ನಾನೂ ಕೇಳುತ್ತಿದ್ದೆ, ನಾನೂ ಸಂತೋಷಪಡುತ್ತಿದ್ದೆ. ಕಟ್ಟೆ ತುಂಬಿದರೆ ನಾಲೆಗೆ ನೀರು ಬಿಡುತ್ತಾರೆ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ನನ್ನ ನೋಟ್‌ಬುಕ್ಕಿನಲ್ಲಿದ್ದ ಮೂರು ಸಾಲನ್ನೂ ಆ ಸುದ್ದಿಯನ್ನೂ ಒಟ್ಟಿಗಿಟ್ಟು ನಾನು ನೋಡಲೇ ಇಲ್ಲ. ಹೇಗೆ ನೋಡಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆ ತಿಂಗಳು ನನಗೆ ಹೊಸ ಮನೆಗಳನ್ನು ಹುಡುಕುವ ಗಡಿಬಿಡಿಯಿತ್ತು. ಅದು ಉತ್ತರವಲ್ಲ.

ಆ ದಿನ ನಾನು ಮದ್ದೂರಿನಲ್ಲಿದ್ದೆ. ಸಮುದಾಯ ಭವನದಲ್ಲಿ ಇಪ್ಪತ್ತು ಹೆಂಗಸರನ್ನು ಸೇರಿಸಿ ಹಗಲುಮನೆ ಎಂದರೇನು ಎಂದು ವಿವರಿಸುತ್ತಿದ್ದೆ. ಸಿದ್ದ ಬಟ್ಟೆಚೂರು ಜೋಡಿಸುವ ಫೋಟೋ ಕೈಯಿಂದ ಕೈಗೆ ಹೋಗುತ್ತಿತ್ತು. ಎರಡೂವರೆಯ ಹೊತ್ತಿಗೆ ಫೋನು ಬಂತು. ನಸೀಮಾಳ ಗಂಡ.

"ಮೇಡಂ, ಬೇಗ ಬನ್ನಿ. ಹುಡುಗ ನಾಲೆಗೆ ಹೋಗ್ಬಿಟ್ಟವ್ನೆ."

"ಹೋಗಿದ್ದಾನಾ? ಸಿಕ್ಕಿದನಾ?"

"ಬನ್ನಿ ನೀವು" ಎಂದು ಅವನು ಫೋನಿಟ್ಟ.

ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಕಿರುಗಾವಲಿಗೆ ಎರಡು ಬಸ್ಸು. ದಾರಿಯುದ್ದಕ್ಕೂ ನಾಲೆಗಳು ಕೆಂಪಗೆ ತುಂಬಿ ಹರಿಯುತ್ತಿದ್ದವು. ಸೇತುವೆಗಳ ಮೇಲೆ ಜನ ನಿಂತಿದ್ದರು. ಒಂದು ಕಡೆ ಹೆಂಗಸರು ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿಯುತ್ತಿದ್ದರು. ಕಿಟಕಿ ತೆರೆದಿತ್ತು. ಆ ವಾಸನೆ ಇಡೀ ಬಸ್ಸು ತುಂಬಿತ್ತು. ಪಕ್ಕದಲ್ಲಿ ಕುಳಿತಿದ್ದ ಮುದುಕ ನನ್ನ ಕಡೆ ತಿರುಗಿ, "ಈ ಸಲ ಬದುಕ್ಕೊಂಡ್ವಿ ಕಣವ್ವ" ಎಂದ. ನಾನು ಹೂಂ ಎಂದೆ.

ನಡೆದದ್ದು ಇಷ್ಟು. ಮಧ್ಯಾಹ್ನ ಊಟವಾದ ಮೇಲೆ ಸಿದ್ದ ಎಂದಿನಂತೆ ಚೂರು ಬಟ್ಟೆಗಳ ಮುಂದೆ ಕುಳಿತಿದ್ದ. ನಸೀಮಾ ಒಳಕೋಣೆಯಲ್ಲಿ ನಮಾಜಿಗೆ ನಿಂತಳು. ದಿನವೂ ಆ ಹತ್ತು ನಿಮಿಷ ಅವನು ಅಲುಗಾಡದೆ ಕೂತಿರುತ್ತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವಾಯಿತು. ನೀರು ಬಂತು, ನೀರು ಬಂತು ಎಂದು ಜನ ಓಡಿದರು. ಸಿದ್ದ ಅವರ ಹಿಂದೆ ಹೋದ. ನಾಲೆಯ ಏರಿಯ ಮೇಲೆ ಅವನನ್ನು ಎಷ್ಟೋ ಜನ ನೋಡಿದ್ದಾರೆ. ಚಪ್ಪಾಳೆ ತಟ್ಟುತ್ತ ನಿಂತಿದ್ದ ಎಂದರು. ಎಲ್ಲರೂ ಸಂತೋಷವಾಗಿದ್ದರು, ಇವನೂ ಸಂತೋಷವಾಗಿದ್ದಾನೆ ಎಂದುಕೊಂಡರು. ಆಮೇಲೆ ಅವನು ಮೆಟ್ಟಿಲು ಇಳಿದು, ಮನೆಯೊಳಗೆ ಹೋಗುವವನ ಹಾಗೆ ನೀರಿನೊಳಗೆ ನಡೆದ. ಇಬ್ಬರು ಗಂಡಸರು ಧುಮುಕಿದರು. ಸೆಳೆತ ಜೋರಿತ್ತು. ಅವನು ಸಿಕ್ಕಿದ್ದು ಅರ್ಧ ಮೈಲಿ ಕೆಳಗೆ, ತೂಬಿನ ಕಂಬಿಗಳ ಹತ್ತಿರ.

ನಾನು ಹೋಗುವಷ್ಟರಲ್ಲಿ ಕಿರುಗಾವಲಿನ ಪೊಲೀಸ್ ಠಾಣೆಯ ಮುಂದೆ ಜನ ಸೇರಿದ್ದರು. ಹೆಣವನ್ನು ಮಳವಳ್ಳಿ ಆಸ್ಪತ್ರೆಗೆ ಒಯ್ದಿದ್ದರು. ಒಳಗೆ ಬೆಂಚಿನ ಮೇಲೆ ಚಿಕ್ಕತಾಯಮ್ಮ ಕುಳಿತಿದ್ದಳು. ನಾಟಿಯ ಗದ್ದೆಯಿಂದ ಹಾಗೇ ಎದ್ದು ಬಂದಿದ್ದಳು, ಮೊಣಕಾಲಿನವರೆಗೆ ಕೆಸರು ಒಣಗಿತ್ತು. ಅಳುತ್ತಿರಲಿಲ್ಲ. ಗೋಡೆಯ ಪಕ್ಕ ನೆಲದ ಮೇಲೆ ನಸೀಮಾ. ಅವಳ ಕೈಯಲ್ಲಿ ಸಿದ್ದನ ಅಂಗಿಯಿತ್ತು. ಊಟದಲ್ಲಿ ಸಾರು ಚೆಲ್ಲಿಕೊಂಡನೆಂದು ಬಿಚ್ಚಿ ಬೇರೆ ಹಾಕಿದ್ದಳಂತೆ.

ಐದು ತಿಂಗಳಲ್ಲಿ ಒಮ್ಮೆಯೂ ಬಂದು ನೋಡದ ಪುಟ್ಟೇಗೌಡ ಈಗ ಎಲ್ಲರಿಗಿಂತ ಮುಂದೆ ನಿಂತಿದ್ದ.

"ಅತ್ತಿಗೆ, ಕಂಪ್ಲೇಂಟ್ ಬರ್ಸು. ಮೊಗ ನೋಡ್ಕತೀನಿ ಅಂತ ಇಸ್ಕೊಂಡು, ಬಾಗ್ಲು ತೆಗ್ದು ಬುಟ್ಟವ್ಳೆ. ಇವಳ್ನ ಒಳಿಕ್ ಆಕುಸ್ದೆ ಬುಡಬ್ಯಾಡ" ಎಂದ. ಹೊರಗಿನಿಂದ ಇನ್ನೂ ಕೆಲವರು ದನಿ ಸೇರಿಸಿದರು. ಅವರು ಆಡಿದ ಬೇರೆ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಫೋನು ಬಡಿದುಕೊಂಡಿತು. ಮಂಡ್ಯದ ನಮ್ಮ ಸಂಸ್ಥೆಯ ಮುಖ್ಯಸ್ಥರು. ಠಾಣೆಯ ಹಿಂಬದಿಗೆ ಹೋಗಿ ಮಾತಾಡಿದೆ. ಅವರು ಕೆಟ್ಟವರಲ್ಲ, ಹನ್ನೊಂದು ಮನೆಗಳ ಚಿಂತೆ ಅವರಿಗೆ. "ನೀವು ಏನೂ ಹೇಳಿಕೆ ಕೊಡಬೇಡಿ. ಇದು ಆಕಸ್ಮಿಕ. ಆ ಹೆಂಗಸಿಗೆ ನಾವು ವಕೀಲರನ್ನು ನೋಡೋಣ. ಫಾರಂ ಯಾರ ಕೈಗೂ ಸಿಗೋದು ಬೇಡ. ತಾಯಿ ಏನಾದರೂ ಮೊದಲೇ ಹೇಳಿದ್ದರಾ?" ಎಂದು ಕೇಳಿದರು.

"ಹೇಳಿದ್ದರು ಸಾರ್."

"ಹಾಗಾದರೆ ಇನ್ನೂ ಸುಮ್ಮನಿರಿ" ಎಂದರು.

ಒಳಗೆ ಬಂದಾಗ ಸಬ್ ಇನ್ಸ್‌ಪೆಕ್ಟರು ನಸೀಮಾಳನ್ನು ಕೇಳುತ್ತಿದ್ದರು. "ನೀರಿಗೆ ಹೋಗೋ ಅಭ್ಯಾಸ ಇದೆ ಅಂತ ಗೊತ್ತಿದ್ದೂ ಬಾಗಿಲಿಗೆ ಚಿಲಕ ಹಾಕಿರಲಿಲ್ವೇನಮ್ಮ?"

ನಸೀಮಾ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಮೇಲೆ ತಪ್ಪು ಹೊರಿಸುವ ನೋಟವಲ್ಲ ಅದು. ಮೇಡಂ ಬಂದರಲ್ಲ, ಇನ್ನು ಅವರೇ ಹೇಳುತ್ತಾರೆ ಎಂಬ ಧೈರ್ಯದ ನೋಟ. ಅದೇ ನನ್ನನ್ನು ಮುರಿಯಿತು.

"ಆಕೆಗೆ ಗೊತ್ತಿರಲಿಲ್ಲ ಸಾರ್. ನನಗೆ ಗೊತ್ತಿತ್ತು" ಎಂದೆ. ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ. ಫಾರಂ ಎಲ್ಲಿದೆ ಎಂದು ಹೇಳಿದೆ. ನಸೀಮಾಳ ಗಂಡ ಮನೆಗೆ ಹೋಗಿ ಡ್ರಾಯರಿನಿಂದ ಅದನ್ನು ತಂದ. ಸಾಹೇಬರು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದಿದರು. ಆಮೇಲೆ ಜೋರಾಗಿಯೇ ಓದಿದರು, ಎಲ್ಲರಿಗೂ ಕೇಳುವ ಹಾಗೆ. ಎಚ್ಚರ ವಹಿಸಬೇಕಾದ ವಿಷಯಗಳು: ಏನೂ ಇಲ್ಲ.

ಚಿಕ್ಕತಾಯಮ್ಮ ಬೆಂಚಿನಿಂದ ಎದ್ದಳು. ನನ್ನ ಹತ್ತಿರ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾ ಯೋಳಿದ್ನಲ್ವ ಸೈಲವ್ವ?"

"ಹೇಳಿದ್ರಿ."

"ನೀ ಬರ್ಕೊಂಡ್ಯಲ್ಲವ್ವ."

"ಬರ್ಕೊಂಡೆ."

"ಬರ್ಕೊಂಡ್ಳು ಅಂತ ನಾ ನಿಸೂರಾಗಿದ್ದೆ. ನಂಗೆ ಓದಕ್ ಬರಕಿಲ್ಲ. ಬರ್ಕೊಂಡ್ಮ್ಯಾಲೆ ಆಯ್ತು, ಇನ್ನು ಎಲ್ರುಗೂ ಗೊತ್ತಾಯ್ತದೆ ಅಂದ್ಕೊಂಡೆ."

ಅವಳು ಸಾಹೇಬರ ಕಡೆ ತಿರುಗಿದಳು.

"ಸೋಮಿ, ಆ ನಸೀಮಾ ನನ್ ಮೊಗೀಗೆ ಉಣ್ಣಕ್ಕಿಕ್ಕವ್ಳೆ. ಅವಳ ಮ್ಯಾಲೆ ನಾ ಯಾವ ಕಂಪ್ಲೇಂಟೂ ಕೊಡಕಿಲ್ಲ. ನನ್ ಮೊಗ ಜಾರಿ ಬಿದ್ದ ಅಂತ ಬರ್ಕಳಿ, ಎಬ್ಬೆಟ್ಟು ಒತ್ತೀನಿ."

"ಈ ಮೇಡಂ ಮೇಲೆ?" ಎಂದು ಅವರು ಕೇಳಿದರು.

ಅವಳು ನನ್ನನ್ನು ನೋಡಲಿಲ್ಲ. "ಅವಳನ್ನ ಒಳಿಕ್ಕಾಕುದ್ರೆ ನನ್ ಮೊಗ ಎದ್ ಬತ್ತನಾ?" ಎಂದಳು. ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಆಸ್ಪತ್ರೆಗೆ ಹೋಗಲು ಆಟೋ ಹತ್ತಿದಳು. ನಾನು ಹಿಂದೆ ಹೋದಾಗ ನಸೀಮಾಳ ಗಂಡ ಮೆಲ್ಲಗೆ, "ಈಗ ಬೇಡ ಮೇಡಂ" ಎಂದ. ಮಣ್ಣಿಗೂ ನಾನು ಹೋಗಲಿಲ್ಲ. ದೂರದಲ್ಲಿ, ಊರಿನ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕುಳಿತಿದ್ದೆ.

ಸುದ್ದಿ ಮೂರು ತಾಲ್ಲೂಕಿಗೂ ಹರಡಲು ಎರಡು ದಿನ ಸಾಕಾಯಿತು. ಮೊದಲು ದುದ್ದದ ದಂಪತಿ ಫೋನ್ ಮಾಡಿದರು. "ನಾಳೆಯಿಂದ ಮಕ್ಕಳನ್ನ ಕಳಿಸ್ಬೇಡಿ ಮೇಡಂ. ನಮಗೂ ಏನೋ ಹೇಳದೇ ಬಿಟ್ಟಿರ್ತೀರಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಉಳಿದ ಮನೆಗಳ ನೋಟ್‌ಬುಕ್ಕು, ಫಾರಂ ಎಲ್ಲವನ್ನೂ ತೆಗೆದು ಹೋಲಿಸಿ ನೋಡಿದೆ. ಇನ್ನೂ ಎರಡು ಕಡೆ ಇಂಥದೇ ಸಣ್ಣ ಸುಳ್ಳುಗಳಿದ್ದವು. ಒಬ್ಬಳಿಗೆ ಫಿಟ್ಸ್ ಬರುತ್ತಿತ್ತು, 'ಅಪರೂಪಕ್ಕೆ' ಎಂದು ಬರೆದಿದ್ದೆ. ಒಬ್ಬ ಹುಡುಗ ಕಚ್ಚುತ್ತಿದ್ದ, ಅದನ್ನು ಬರೆದೇ ಇರಲಿಲ್ಲ. ಆ ಮನೆಗಳಿಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದೆ. ವಿ.ಸಿ. ಫಾರಂನವಳು ಎಲ್ಲವನ್ನೂ ಕೇಳಿಸಿಕೊಂಡು, "ಫಿಟ್ಸು ನಂಗ್ ಗೊತ್ತಿತ್ತು ಕಣ್ರಕ್ಕ, ಬಂದಾಗ ನೋಡ್ದೆನಲ್ಲ. ನೀವ್ಯಾಕೆ ಹೇಳ್ಲಿಲ್ಲ ಅಂತ ಕಾಯ್ತಿದ್ದೆ" ಎಂದಳು. ಅವಳು ಬಿಡಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಬಿಟ್ಟರು. ದಸರಾ ಹೊತ್ತಿಗೆ ಹನ್ನೊಂದರಲ್ಲಿ ಉಳಿದದ್ದು ಮೂರು. ಎಷ್ಟೋ ಮನೆಗಳಲ್ಲಿ ಮತ್ತೆ ಬೀಗ ಬಿತ್ತು. ಸಿದ್ದನೊಬ್ಬನೇ ಅಲ್ಲ, ಆ ಬೀಗಗಳೂ ನನ್ನ ಲೆಕ್ಕಕ್ಕೇ.

ಪೊಲೀಸರು ಆಕಸ್ಮಿಕ ಸಾವು ಎಂದು ಕಡತ ಮುಗಿಸಿದರು. ಸಂಸ್ಥೆಯವರು ನನ್ನನ್ನು ತೆಗೆದರು ಎಂದರೆ ಅರ್ಧ ನಿಜ. ಅವರು ಹೇಳುವ ಮುಂಚೆಯೇ ನಾನು ಹೋಗುವುದನ್ನು ನಿಲ್ಲಿಸಿದ್ದೆ. ಮದ್ದೂರಿನ ಶಾಲೆ ಸೇರಿದೆ. ಒಂಬತ್ತು ಮಕ್ಕಳು, ನಾಲ್ಕು ಗೋಡೆ, ಗೇಟಿಗೆ ಎರಡು ಚಿಲಕ.

ಎರಡು ವರ್ಷ ಕಳೆದ ಮೇಲೆ ನಸೀಮಾಳ ಫೋನು ಬಂತು. ಅವಳು ಪೀಠಿಕೆಯಿಲ್ಲದೆ, "ಮೇಡಂ, ನಮ್ಮನೇಗೆ ಈಗ ಮೂವರು ಬರ್ತಾರೆ. ಒಂದು ಹುಡುಗಿಗೆ ಊಟ ಮಾಡ್ಸೋದೇ ಕಷ್ಟ ಆಗಿದೆ. ಬಂದು ಸ್ವಲ್ಪ ನೋಡಿ" ಎಂದಳು. ಯಾವ ಸಂಸ್ಥೆಯೂ ಕೇಳಿಕೊಂಡಿರಲಿಲ್ಲ. ಕಿರುಗಾವಲಿನ ಕೂಲಿಯ ಹೆಂಗಸೊಬ್ಬಳು ಸುಮ್ಮನೆ ಬಂದು ಮಗಳನ್ನು ಅವಳ ಬಾಗಿಲಲ್ಲಿ ಕೂರಿಸಿ ಹೋಗಿದ್ದಳಂತೆ. ಒಬ್ಬಳಿಂದ ಮೂವರಾದರು.

"ಒಬ್ಬಳೇ ಹೇಗೆ ನೋಡ್ಕೊಳ್ತೀರಿ?"

"ಒಬ್ಬಳೇ ಯಾಕೆ? ತಾಯಮ್ಮ ಬರ್ತಾಳಲ್ಲ."

ಭಾನುವಾರ ಬಿಟ್ಟು ಬೇರೆ ದಿನ ಬನ್ನಿ ಎಂದಿದ್ದಳು. ರಜೆ ಹಾಕಿ ಹೋದೆ. ಬೀದಿಯ ತಿರುವಿನಿಂದಲೇ ಕಂಡಿತು. ನಸೀಮಾಳ ಮನೆಯ ಹೊಸ್ತಿಲಿನ ಮೇಲೆ, ಬಾಗಿಲಿಗೆ ಅಡ್ಡವಾಗಿ ಕಾಲು ನೀಡಿಕೊಂಡು ಚಿಕ್ಕತಾಯಮ್ಮ ಕುಳಿತಿದ್ದಳು. ಸೊರಗಿದ್ದಳು. ತಲೆ ಪೂರ್ತಿ ನರೆತಿತ್ತು. ಅವಳನ್ನು ದಾಟದೆ ಒಳಗಿನವರು ಹೊರಗೆ ಬರುವಂತಿರಲಿಲ್ಲ, ಹೊರಗಿನವರು ಒಳಗೆ ಹೋಗುವಂತಿರಲಿಲ್ಲ.

ನಾನು ಎದುರಿಗೆ ಹೋಗಿ ನಿಂತೆ. ಕ್ಷಮೆ ಕೇಳುವ ಮಾತುಗಳನ್ನು ಬಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದೆ. "ಅವ್ವ" ಎಂದೆ. ಕಣ್ಣಲ್ಲಿ ನೀರು ಬಂತು.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಮೆ ಗಿಮೆ ಕೇಳಕ್ ಬಂದಿದ್ರೆ ಓಗವ್ವ, ಅದು ನಂತಾವಿಲ್ಲ. ಮೊಗ ನೋಡಕ್ ಬಂದಿದ್ರೆ ಒಳಿಕ್ ಬಾ."

ಕಾಲು ಮಡಚಿಕೊಂಡಳು. ನಾನು ಒಳಗೆ ಹೋದೆ. ನಸೀಮಾ ಮಿಷನ್ ನಿಲ್ಲಿಸಿ, "ಬಂದ್ರಾ" ಎಂದಳು, ಅಷ್ಟೇ. ಚಾಪೆಯ ಮೇಲೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕುಳಿತಿದ್ದಳು. ಕತ್ತು ಒಂದು ಕಡೆ ವಾಲಿತ್ತು. ಹೆಸರು ಪವಿತ್ರ ಎಂದರು. ಪಕ್ಕದಲ್ಲಿ ಗಂಜಿಯ ಲೋಟ, ಚಮಚ. ನಾನು ಲೋಟಕ್ಕೆ ಕೈ ಹಾಕುವ ಮುಂಚೆ ಚಿಕ್ಕತಾಯಮ್ಮ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಿತ್ತು.

"ಮೊದ್ಲು ಕೇಳ್ಕೊ. ಇವ್ಳಿಗೆ ನುಂಗಕ್ ಬರಕಿಲ್ಲ, ನೆತ್ತಿಗತ್ತುತ್ತೆ. ಓದ ತಿಂಗ್ಳು ಉಸ್ರೇ ನಿಂತೋಗಿತ್ತು. ತಲೆ ಎತ್ತಿ ಇಡ್ಕೊ. ಒಂದೇ ಚಮಚ ಆಕು. ಗಂಟ್ಲು ಆಡ್ತು ಅಂತ ಕಂಡ್ಮ್ಯಾಲೆ ಇನ್ನೊಂದು. ಕೆಮ್ಮುದ್ರೆ ನಿಲ್ಸ್‌ಬುಡು. ತಿಳೀತಾ?"

"ತಿಳೀತು ಅವ್ವ."

ಅವಳು ಕೈ ಬಿಟ್ಟಳು. ನಾನು ಹುಡುಗಿಯ ತಲೆಯ ಹಿಂದೆ ಅಂಗೈ ಕೊಟ್ಟು ಎತ್ತಿ ಹಿಡಿದು, ಒಂದು ಚಮಚ ಗಂಜಿ ತುಟಿಯೊಳಗೆ ಬಿಟ್ಟೆ. ಗಂಟಲು ಆಡುವುದನ್ನು ಕಾದೆ. ಆಡಿತು. ಇನ್ನೊಂದು ಬಿಟ್ಟೆ. ಚಿಕ್ಕತಾಯಮ್ಮ ನನ್ನ ಎದುರಿಗೇ ಕುಕ್ಕರುಗಾಲಲ್ಲಿ ಕುಳಿತಳು. ಲೋಟ ಮುಗಿಯುವವರೆಗೂ ಅವಳು ನನ್ನ ಕೈಯ ಮೇಲಿಂದ ಕಣ್ಣು ತೆಗೆಯಲಿಲ್ಲ.